ಗೋಡೆಗೆ ಒರೆಸಿದ ಸುಣ್ಣ

"ಯಾರದಾರ ಅಲ್ಲಿ? ಗೋಡಿ ಎಲ್ಲೈತಿ?" ಎಂದು ನಮ್ಮ ಅತ್ತೆ ಕೇಳಿದಾಗ ನಾನು ಅವರ ಎದುರಿಗೇ ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಡುಮಧ್ಯಾಹ್ನ. ಆದೋನಿಯ ಬಿಸಿಲಿನ ಬಗ್ಗೆ ಹೇಳುವುದೇ ಬೇಡ, ತೆರೆದ ಕಿಟಕಿಯಿಂದ ಬಂದು ಹೊಸ ಬಿಳಿ ಗೋಡೆಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ಅಂಥ ಬೆಳಕಿನಲ್ಲಿ ನಿಂತು, ನನ್ನ ಮುಖದ ಕಡೆಗೇ ಮುಖ ಮಾಡಿಕೊಂಡು, ಯಾರಿದ್ದೀರಿ ಎಂದು ಕೇಳಿದರು. ಆದರೆ ಇದು ತಿಳಿಯಬೇಕಾದರೆ ಸುಣ್ಣದ ಕಥೆ ಮೊದಲು ಹೇಳಬೇಕು.

ಅತ್ತೆಗೆ ಎಲೆ ಅಡಿಕೆ ಇಲ್ಲದೆ ಹೊತ್ತು ಹೋಗುವುದಿಲ್ಲ. ಎಲೆಯ ಬೆನ್ನಿಗೆ ಸುಣ್ಣ ಸವರಿದ ಮೇಲೆ ಬೆರಳಿನಲ್ಲಿ ಒಂದಿಷ್ಟು ಉಳಿಯುತ್ತದಲ್ಲ, ಅದನ್ನು ನಮ್ಮ ಕಡೆ ಎಲೆ ಹಾಕುವವರೆಲ್ಲ ಪಕ್ಕದ ಗೋಡೆಗೋ ಕಂಬಕ್ಕೋ ಒರೆಸಿಬಿಡುತ್ತಾರೆ. ಗುಡಿಯ ಕಂಬ, ಬಸ್ ನಿಲ್ದಾಣದ ಗೋಡೆ, ಮದುವೆ ಮನೆಯ ಬಾಗಿಲು, ಯಾವುದನ್ನೂ ಬಿಟ್ಟಿಲ್ಲ. ಯಾರೂ ಅದನ್ನು ತಪ್ಪು ಎಂದುಕೊಳ್ಳುವುದೂ ಇಲ್ಲ. ನಾನೊಬ್ಬಳು ಅಂದುಕೊಳ್ಳುತ್ತೇನೆ. ನನ್ನದು ಸ್ವಲ್ಪ ಹುಚ್ಚು ಸ್ವಭಾವ ಎಂದೇ ಇಟ್ಟುಕೊಳ್ಳಿ; ಗೋಡೆಯ ಮೇಲೆ ಒಂದು ಕಲೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಸುಣ್ಣ ಅವರು ಕೂರುವ ಮೂಲೆಯಲ್ಲಿ ಮಾತ್ರ ಇತ್ತು. ಅಲ್ಲೊಂದು ಗೋಡೆಗೂಡು, ಅದರಲ್ಲಿ ಅವರ ಸುಣ್ಣದ ಡಬ್ಬಿ, ಗೂಡಿನ ಪಕ್ಕ ಸುಣ್ಣದ ಗುಡ್ಡ. ಅಷ್ಟಕ್ಕೆ ನಾನು ಹೇಗೋ ಹೊಂದಿಕೊಂಡಿದ್ದೆ. ಈಚಿನ ವರ್ಷಗಳಲ್ಲಿ ಮಾತ್ರ ಅದು ಮನೆಯೆಲ್ಲ ಹಬ್ಬತೊಡಗಿತು. ಅಡುಗೆಮನೆಯ ಬಾಗಿಲ ಪಕ್ಕ, ದೇವರ ಕೋಣೆಯ ಪಕ್ಕ, ಬಚ್ಚಲಿಗೆ ಇಳಿಯುವ ಮೆಟ್ಟಿಲ ಹತ್ತಿರ, ಎಲ್ಲ ಕಡೆ ಸೊಂಟದ ಎತ್ತರಕ್ಕೆ ಸುಣ್ಣದ ಬೊಟ್ಟು. ನಮ್ಮ ಕೋಣೆಯ ಬಾಗಿಲ ಪಕ್ಕದ್ದಂತೂ ನಿಂಬೆಹಣ್ಣಿನ ಗಾತ್ರ.

ನಾನು ಎಮ್ಮಿಗನೂರಿನ ಒಂದು ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಬೆಳಗಾದರೆ ಓಟ, ಸಂಜೆಯಾದರೆ ಸುಸ್ತು. ಭಾನುವಾರ ಒಂದು ಸಿಕ್ಕರೆ ಹಳೆಯ ಚಾಕು ಹಿಡಿದು ಆ ಸುಣ್ಣ ಕೆರೆಯುವುದೇ ನನ್ನ ಕೆಲಸವಾಗಿತ್ತು.

"ಅತ್ತೀ, ಬಾಗಲ ಹತ್ರ ಯಾಕ ಒರಸ್ತೀರಿ? ಬಟ್ಟಿ ಕೊಡ್ತೀನಿ, ಅದಕ ಒರಸ್ರಿ."

"ಆತ್ ಬಿಡವ್ವಾ," ಎನ್ನುತ್ತಿದ್ದರು. ನಾನು ಕಚೇರಿಯಿಂದ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಸುಣ್ಣ. ಅದರಲ್ಲೂ ನಮ್ಮ ಕೋಣೆಯ ಬಾಗಿಲಿಗೆ ತಪ್ಪದೆ. ಉರಿದುಹೋಗುತ್ತಿತ್ತು ನನಗೆ. ಹೊಳಗುಂದದಲ್ಲಿರುವ ಮಗಳ ಮನೆಗೆ ಹೋದಾಗ ಹೀಗೆ ಒರೆಸುತ್ತಾರೆಯೇ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ನಮ್ಮ ಮನೆಯವರ ಮುಂದೆ ಎಷ್ಟೋ ಸಲ ಗೊಣಗಿದ್ದೇನೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನಿನ ಸದ್ದಿಗೆ ಒಗ್ಗಿದ ಕಿವಿ. ನನ್ನ ಗೊಣಗಾಟ ಅವರಿಗೆ ಯಾವ ಲೆಕ್ಕ?

ಇನ್ನು ಗೋಡೆ. ಕೋಟೆ ಗುಡ್ಡದ ಬುಡದ ಹಳೆಯ ಬೀದಿಯಲ್ಲಿ ನಮ್ಮ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮೇಲೆ ಗಾರೆ. ಗೋಡೆಯೊಳಗೆ ಉಪ್ಪು ಏರಿ ಗಾರೆಯೆಲ್ಲ ಹಿಟ್ಟಾಗಿ ಉದುರುತ್ತಿತ್ತು. ಹಾಸಿಗೆ ಕೊಡವಿದರೆ ಅದೇ ಹಿಟ್ಟು, ಮುಚ್ಚಿಟ್ಟ ಸಾರಿನಲ್ಲೂ ಅದೇ ಹಿಟ್ಟು. ಎರಡು ಸಲ ಸಿಮೆಂಟು ಬಳಿಸಿದೆವು, ಎರಡು ಸಲವೂ ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬಿ ಬಿದ್ದುಹೋಯಿತು. ಹೋದ ಬೇಸಿಗೆಯಲ್ಲಿ, ಮದುವೆ ಹಾಲುಗಳಿಗೆ ಸೀಲಿಂಗ್ ಮಾಡುವ ಮೇಸ್ತ್ರಿಯೊಬ್ಬರು ಬಂದು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿ ನಕ್ಕರು.

"ಮೇಡಂ, ಉಪ್ಪು ಒಳಗ ಐತಿ. ನೀವು ಬಂಗಾರ ಬಳದ್ರೂ ನಿಲ್ಲಂಗಿಲ್ಲ. ಪಟ್ಟಿ ಹೊಡದು ಜಿಪ್ಸಂ ಬೋರ್ಡ್ ಕೂಡ್ರಿಸಿ ಮುಚ್ಚಿಬಿಡಮು. ಹಳೇ ಗೋಡಿ ಹಂಗೇ ಒಳಗ ಇರ್ತೈತಿ, ಕಣ್ಣಿಗಿ ಕಾಣಂಗಿಲ್ಲ. ಅಷ್ಟೇ!"

ನನಗೆ ಅಷ್ಟೇ ಬೇಕಿತ್ತು. ಅತ್ತೆಗೆ ಮಾತ್ರ ಹಿಡಿಸಲಿಲ್ಲ. ಮೇಸ್ತ್ರಿ ತಂದ ಬೋರ್ಡಿನ ತುಂಡನ್ನು ಕೈಗೆ ತೆಗೆದುಕೊಂಡು ಬೆರಳ ಗೆಣ್ಣಿನಿಂದ ಬಡಿದರು.

"ಡೊಳ್ಳು ಬಡದಂಗ ಬಡೀತೈತಲ್ಲ. ಟೊಳ್ಳು ಗೋಡಿ. ಬ್ಯಾಡವ್ವಾ. ಬೇಕಾದ್ರ ಸುಣ್ಣ ಹೊಡಸ್ರಿ."

"ಸುಣ್ಣದ ಹೆಸರ ಎತ್ತಬ್ಯಾಡ್ರಿ ಅತ್ತೀ," ಎಂದೆ. ನಮ್ಮ ಮನೆಯವರು ನಕ್ಕರು. ಅತ್ತೆ ನಗಲಿಲ್ಲ. ಬೋರ್ಡಿನ ತುಂಡನ್ನು ಕೆಳಗಿಟ್ಟು, "ಎಲ್ಲಾ ಮಾಡ್ಸಿಕೊಳ್ರಿ. ನಡುಮನಿ ಗೋಡಿ ಒಂದು ಬಿಡ್ರಿ," ಎಂದರು.

ನಡುಮನೆ ಎಂದರೆ ಮನೆಯ ಮಧ್ಯದ ಉದ್ದನೆಯ ಹಾದಿ. ಅದರ ಒಂದೇ ಗೋಡೆಯುದ್ದಕ್ಕೂ ಮೊದಲು ನಮ್ಮ ಕೋಣೆಯ ಬಾಗಿಲು, ಆಮೇಲೆ ದೇವರ ಕೋಣೆ, ಅಡುಗೆಮನೆ, ಕೊನೆಗೆ ಬಚ್ಚಲಿಗೆ ಇಳಿಯುವ ಮೆಟ್ಟಿಲು. ಸುಣ್ಣ ಹೆಚ್ಚಾಗಿ ಇದ್ದದ್ದೂ ಅಲ್ಲೇ. ಎಲ್ಲ ಬಿಟ್ಟು ಆ ಗೋಡೆಯನ್ನು ಬಿಡುವುದೇ? ನಮ್ಮ ಮನೆಯವರು ಒಂದು ಕ್ಷಣ ಮೆತ್ತಗಾದರು. "ಯವ್ವ ಕೇಳಾಕತ್ತಾಳ, ಅದೊಂದು ಬಿಡಾಣೇನು?" ಎಂದರು. ಅರ್ಧ ತಲೆ ಬೋಳಿಸಿಕೊಂಡು ಯಾರಾದರೂ ಏಳುತ್ತಾರೆಯೇ ಎಂದು ನಾನು ಕೇಳಿದೆ. ಮಾತು ಅಲ್ಲಿಗೆ ಮುಗಿಯಿತು.

ಧೂಳು ಆಗುತ್ತದೆಂದು ಅತ್ತೆಯನ್ನು ಹೊಳಗುಂದಕ್ಕೆ ಕಳಿಸಿದೆವು. ಹೋಗುವ ಮುಂಚಿನ ದಿನವೂ ನಮ್ಮ ಬಾಗಿಲ ಪಕ್ಕ ಹೊಸ ಸುಣ್ಣ ಹತ್ತಿತ್ತು. ಮುಚ್ಚಿಹೋಗುವ ಗೋಡೆ ಎಂದು ಗೊತ್ತಿದ್ದೂ ನಾನು ಹಟಕ್ಕೆ ಬಿದ್ದು ಕೆರೆದೆ, ಗಾರೆ ಕಿತ್ತುಬರುವ ಹಾಗೆ.

ಕೆಲಸ ಚೆನ್ನಾಗಿ ಆಯಿತು. ಮೇಸ್ತ್ರಿ ಗೋಡೆಗೆ ತಗಡಿನ ಪಟ್ಟಿಗಳನ್ನು ಹೊಡೆದು, ಬೋರ್ಡು ಕೂರಿಸಿ, ತಿರುಪು ಬಿಗಿದು, ಸಂದುಗಳಿಗೆ ಟೇಪು ಅಂಟಿಸಿ ಪುಟ್ಟಿ ತುಂಬಿ ತಿಕ್ಕಿದರು. ಗೋಡೆಗೂಡುಗಳೆಲ್ಲ ಒಳಗೆ ಮುಚ್ಚಿಹೋದವು. ಬಾಗಿಲ ಚೌಕಟ್ಟುಗಳು ಮೊದಲು ಗೋಡೆಯಿಂದ ಒಂದಿಷ್ಟು ಮುಂದಕ್ಕೆ ಚಾಚಿಕೊಂಡಿದ್ದವು, ಈಗ ಗೋಡೆಯ ಸಮಕ್ಕೆ ಬಂದವು. ಬಣ್ಣ ಹೊಡೆದ ಮೇಲೆ ನಾನು ಗೋಡೆಗೆ ಕೆನ್ನೆ ಇಟ್ಟು ನೋಡಿದೆ, ಅಷ್ಟು ನುಣುಪು. ಅತ್ತೆಯ ಸುಣ್ಣದ ಡಬ್ಬಿಗೆ ಒಂದು ಪ್ಲಾಸ್ಟಿಕ್ ಸ್ಟ್ಯಾಂಡು, ಕೈ ಒರೆಸಲು ಒಂದು ಟವೆಲು ತಂದಿಟ್ಟೆ.

ಆ ನಡುವೆ ನಾದಿನಿ ಒಮ್ಮೆ ಫೋನು ಮಾಡಿದ್ದಳು. "ವೈನೀ, ಯವ್ವ ಯಾಕೋ ಮಂಚ ಬಿಟ್ಟು ಏಳವಲ್ಲಳು. ಮಣಕಾಲ ನೋವು ಅಂತಾಳ. ಅಲ್ಲೂ ಹಿಂಗ ಮಾಡ್ತಾಳೇನು?" ಇಲ್ಲಿ ದಿನಾ ಬೆಳಿಗ್ಗೆ ನನಗಿಂತ ಮೊದಲೆದ್ದು ಜೋಳದ ರೊಟ್ಟಿ ಬಡಿಯುವವರು ಅಲ್ಲಿ ಮಂಚ ಬಿಟ್ಟು ಏಳುತ್ತಿಲ್ಲವೇ? ಮಗಳ ಮನೆಯಲ್ಲಿ ಮಹಾರಾಣಿ ಎಂದುಕೊಂಡೆ. ನಾದಿನಿಗೂ ಹಾಗೇ ಹೇಳಿ ಇಬ್ಬರೂ ನಕ್ಕೆವು.

ಅವರು ಮರಳಿ ಬಂದದ್ದು ಒಂದು ಭಾನುವಾರ. ನಮ್ಮ ಮನೆಯವರು ಆಟೋದಿಂದ ಇಳಿಸಿಕೊಂಡು ಒಳಗೆ ತಂದು ಕೂರಿಸಿ, ಎಲೆ ಅಡಿಕೆ ತರಲು ಹೋದರು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ. ಅತ್ತೆ ಗೋಡೆಯ ಮೇಲೆ ಅಂಗೈ ಆಡಿಸಿ, "ಕನ್ನಡಿ ಆಗೈತಲ್ಲವ್ವಾ," ಎಂದರು. ಹೊಗಳಿಕೆ ಎಂದೇ ತಿಳಿದು ನಾನು ಚಹಾ ಇಡಲು ಒಳಗೆ ಹೋದೆ.

ಅಡುಗೆಮನೆಯಿಂದ ಕೇಳುತ್ತಿತ್ತು: ಟಕ್ ಟಕ್, ಟಕ್ ಟಕ್. ನಡುಮನೆಯಲ್ಲಿ ಯಾರೋ ಬೋರ್ಡು ಬಡಿಯುತ್ತಿದ್ದರು. ಅತ್ತೆಗೆ ಆಟ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಚಹಾ ಹಿಡಿದು ಬಂದರೆ ನಡುಮನೆಯಲ್ಲಿ ಯಾರೂ ಇಲ್ಲ. ನಮ್ಮ ಕೋಣೆಯ ಬಾಗಿಲು ತೆರೆದಿತ್ತು. ಮಂಚಕ್ಕೂ ಬೀರುವಿಗೂ ನಡುವೆ ಅತ್ತೆ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದರು. ಈ ಮನೆಗೆ ನಾನು ಬಂದಾಗಿನಿಂದ ಅವರು ಆ ಕೋಣೆಯೊಳಗೆ ಕಾಲಿಟ್ಟವರೇ ಅಲ್ಲ. ಸೀರೆಯ ಕೆಳಗೆಲ್ಲ ಒದ್ದೆ. ನೆಲವೂ ಒದ್ದೆ. ಆಗಲೇ ಅವರು ಆ ಮಾತು ಕೇಳಿದ್ದು.

"ಯಾರದಾರ ಅಲ್ಲಿ? ಗೋಡಿ ಎಲ್ಲೈತಿ?"

"ಅತ್ತೀ, ನಾನ್ರೀ," ಎಂದೆ.

"ನೀನಾ? ಬಚ್ಚಲ ಎಲ್ಲಿ ಹೋತವ್ವಾ? ನಾ ಎಲ್ಲದೀನಿ?"

ಅವರ ಕಣ್ಣುಗಳು ತೆರೆದೇ ಇದ್ದವು. ನಾನು ಕೈಯನ್ನು ಅವರ ಮುಖದ ಮುಂದೆ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ಕೈಯಲ್ಲಿದ್ದ ಚಹಾದ ಲೋಟ ಯಾವಾಗ ಬಿತ್ತೋ ನನಗೆ ತಿಳಿಯದು. ಆ ಸದ್ದಿಗೆ ಅವರು ಬೆಚ್ಚಿಬಿದ್ದು ಗೋಡೆ ಹುಡುಕಿದರು, ಸಿಗಲಿಲ್ಲ, ನನ್ನ ಭುಜ ಸಿಕ್ಕಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಣ್ಣಿನೊಳಗೆ ಒತ್ತಡ ಏರಿ ನರಗಳು ಸತ್ತುಹೋಗಿವೆ, ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿಗೆ ಕತ್ತಲೆ ಬೆಳಕಿನ ವ್ಯತ್ಯಾಸವಷ್ಟೇ ತಿಳಿಯುತ್ತದೆ ಎಂದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಹೋದ ನರ ಮರಳಿ ಬರುವುದಿಲ್ಲವಂತೆ. ಒಂದೇ ದಿನ ಹೋದದ್ದಲ್ಲ, ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಹೋಗಿದೆ. ಆಮೇಲೆ ಡಾಕ್ಟರು ತೆಲುಗಿನಲ್ಲಿ ಕೇಳಿದರು: "ಇನ್ನಿ ರೋಜುಲು ಇಂಟ್ಲೋ ಎಲಾ ತಿರಿಗಾರು?" ಇಷ್ಟು ದಿನ ಮನೆಯಲ್ಲಿ ಹೇಗೆ ಓಡಾಡಿದರು? ನಮಗೇನು ಗೊತ್ತು?

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನಮ್ಮ ಕಣ್ಣೆದುರಿಗೇ ಇವರು ಕಣ್ಣು ಕಳೆದುಕೊಂಡರು, ನಮಗೆ ಸುಳಿವೇ ಕೊಡಲಿಲ್ಲ! ಬಸ್ಸಿನಲ್ಲಿ ಕೂತಾಗಲೆಲ್ಲ ಒಂದೊಂದೇ ನೆನಪಾಗುತ್ತಿತ್ತು. ಅಕ್ಕಿ ಆರಿಸುವುದನ್ನು ಬಿಟ್ಟಿದ್ದರು; ಕೇಳಿದರೆ, "ಈಗಿನ ಅಕ್ಕಿಯಾಗ ಕಲ್ಲೆಲ್ಲಿ ಬರ್ತಾವ," ಎಂದಿದ್ದರು. ಟೀವಿಯ ತೆಲುಗು ಧಾರಾವಾಹಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಆದರೂ ಕಥೆಯೆಲ್ಲ ಹೇಳುತ್ತಿದ್ದರು. ನಾನು ಒಳಗೆ ಬರುತ್ತಲೇ, "ಬಂದೇನವ್ವಾ, ಇವತ್ತು ಬಸ್ಸು ತಡ ಆತೇನು?" ಎನ್ನುತ್ತಿದ್ದರು, ನಾನು ಚಪ್ಪಲಿ ಬಿಡುವ ಸದ್ದು ಕೇಳಿ. ರೊಟ್ಟಿಯನ್ನು ಅಂಗೈ ಬಡಿಯುತ್ತದೆ, ಬೆಂದದ್ದನ್ನು ಮೂಗು ಹೇಳುತ್ತದೆ. ಆ ರೊಟ್ಟಿ ಒಂದು ದಿನವೂ ಸೀದಿರಲಿಲ್ಲ. ಸೀದಿದ್ದರೆ ನಾನು ಕೇಳದೆ ಬಿಡುತ್ತಿದ್ದೆನೇ?

ಗೊತ್ತಾದ ಮೇಲೆ ನಾವು ಮಾಡಿದ್ದೇನು? ಎಲ್ಲರೂ ಮಾಡುವುದನ್ನೇ. ಒಲೆಯ ಹತ್ತಿರ ಹೋಗಬೇಡಿ ಎಂದೆವು. ಒಬ್ಬರೇ ಏಳಬೇಡಿ, ಕೂಗಿ ಎಂದೆವು. ಪಕ್ಕದ ಮನೆಯ ಹೆಂಗಸನ್ನು ಹಗಲು ಬಂದು ನೋಡಿಕೊಂಡು ಹೋಗಲು ಒಪ್ಪಿಸಿದೆವು. ಅತ್ತೆ ಎಲ್ಲದಕ್ಕೂ ಹೂಂ ಎಂದರು. ಮಂಚದ ಮೇಲೆ ಗೊಂಬೆಯ ಹಾಗೆ ಕೂತರು. ಮತ್ತೊಬ್ಬರ ಕೈ ಹಿಡಿದು ಬಚ್ಚಲಿಗೆ ಹೋಗುವುದು ತಪ್ಪಲಿ ಎಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆಂದು ಪಕ್ಕದ ಮನೆಯಾಕೆ ಹೇಳಿದಳು. ಆ ಬೇಸಿಗೆಯಲ್ಲಿ ನೀರು ಕುಡಿಯದೆ ಇದ್ದರೆ ಮನುಷ್ಯ ಉಳಿಯುತ್ತಾನೆಯೇ? ಕಣ್ಣಿಲ್ಲದೆ ಎಷ್ಟೋ ದಿನ ಬದುಕಿದ ಹೆಂಗಸು ಗೋಡೆಯಿಲ್ಲದೆ ಸೊರಗುತ್ತಿದ್ದರು, ನಮ್ಮ ಕಣ್ಣ ಮುಂದೆಯೇ.

ಒಂದು ಬೆಳಿಗ್ಗೆ ಎದ್ದು ಬಂದರೆ ಅತ್ತೆ ನಡುಮನೆಯಲ್ಲಿ ಗೋಡೆಗೆ ಮೈ ಆನಿಸಿ ನಿಂತಿದ್ದಾರೆ. ಎಡಗೈಯಲ್ಲಿ ಸುಣ್ಣದ ಡಬ್ಬಿ, ಬಲಗೈ ಬೆರಳ ತುಂಬ ಸುಣ್ಣ. ಹೊಸ ಗೋಡೆಗೆ ಮೆತ್ತುತ್ತಿದ್ದಾರೆ! ಅಭ್ಯಾಸಬಲ, ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನೋಡಿದೆ, ಬಾಯಿ ಅಲುಗುತ್ತಿಲ್ಲ. ಬಾಯಲ್ಲಿ ಎಲೆ ಇಲ್ಲ. ಮೆತ್ತಿದ ಸುಣ್ಣವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡುತ್ತಿದ್ದಾರೆ. ಪಕ್ಕದಲ್ಲಿ ಮೊದಲು ಮೆತ್ತಿದ್ದ ಬೊಟ್ಟು ಒಣಗಿ, ಹಪ್ಪಳದಂತೆ ಎದ್ದು, ಮುಟ್ಟಿದ ಕೂಡಲೇ ಅವರ ಕೈಗೆ ಉದುರಿತು.

"ಹಿಡಿಯವಲ್ದು ಇದು," ಎಂದರು ತಮ್ಮಷ್ಟಕ್ಕೆ.

"ಏನ್ ಮಾಡಾಕತ್ತೀರಿ ಅತ್ತೀ?"

ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮುಖ ಮಾಡಿದರು. "ಅಡಗಿಮನಿ ಬಾಗಲಕ್ಕ ಒಂದು ಗುರ್ತು ಬೇಕಲ್ಲವ್ವಾ. ಹಳೇ ಗೋಡಿಗಿ ಹಚ್ಚಿದ್ದು ಕಲ್ಲಾದಂಗ ಹಿಡೀತಿತ್ತು. ಇದಕ ಹಿಡಿಯವಲ್ದು."

ಅವರ ಅಂಗೈಗೆ ಉದುರಿದ ಚೂರನ್ನು ನಾನು ಎತ್ತಿಕೊಂಡೆ. ಎಲೆ ಹಾಕಿ ಬೆರಳು ಒರೆಸಿದ್ದಲ್ಲ ಅದು. ಬಾಗಿಲುಗಳ ಪಕ್ಕದ ಒಂದು ಬೊಟ್ಟೂ ಹಾಗೆ ಬಂದದ್ದಲ್ಲ. ನಮ್ಮ ಕಡೆ ಗೋಡೆಯ ಮೇಲೆ ಸುಣ್ಣ ಕಂಡರೆ ಯಾರು ತಾನೇ ಬೇರೆ ಏನನ್ನಾದರೂ ಯೋಚಿಸುತ್ತಾರೆ? ಅದೇ ಧೈರ್ಯದ ಮೇಲೆ ಈ ಹೆಂಗಸು ತಮ್ಮ ಕಣ್ಣನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಇಟ್ಟುಕೊಂಡು ಬಚ್ಚಿಟ್ಟಿದ್ದರು.

ಅವತ್ತೇ ಮೇಸ್ತ್ರಿಯನ್ನು ಕರೆಸಿದೆ. ನಡುಮನೆಯ ಬೋರ್ಡು ಬಿಚ್ಚಿ ಎಂದೆ.

"ಹುಚ್ಚು ಹಿಡದೈತೇನ್ರಿ ಮೇಡಂ? ಹೊಸದು!" ಎಂದು ಅವರು ಹೌಹಾರಿದರು. ಅತ್ತೆಗೂ ಒಪ್ಪಿಗೆ ಇರಲಿಲ್ಲ. "ಬ್ಯಾಡಪ್ಪಾ, ಆಕಿ ಆಸಿ ಪಟ್ಟು ಮಾಡ್ಸಿದ್ದು," ಎಂದರು. ನಾನೇ ತಿರುಪುಳಿ ತೆಗೆದುಕೊಂಡೆ. ನಮ್ಮ ಮನೆಯವರು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲನೆಯ ತಿರುಪನ್ನು ಬಿಚ್ಚಿದರು. ಆಮೇಲೆ ಮೇಸ್ತ್ರಿಯೂ ಕೈ ಹಾಕಿದರು. ಬೋರ್ಡುಗಳು ಕೆಳಗಿಳಿದವು. ಹಿಟ್ಟು ಉದುರುವ ಆ ಹಳೆಯ, ಹೊಲಸು ಗೋಡೆ ಹೊರಗೆ ಬಂತು. ಅದರ ಮೇಲೆ ನಾನು ಎಷ್ಟು ಕೆರೆದರೂ ಹೋಗದ ಸುಣ್ಣದ ಬೊಟ್ಟುಗಳು ಸಾಲಾಗಿ ನಿಂತಿದ್ದವು.

ಗೋಡೆ ಸಿಕ್ಕ ಕೂಡಲೇ ಅತ್ತೆ ಎದ್ದು ಬಂದರು, ಬಂದು ಕೈ ಇಟ್ಟರು. ನಾನು ಒಂದೊಂದನ್ನೇ ಕೇಳುತ್ತಾ ಹೋದೆ.

"ಇದು ಜಗಲಿ," ಎಂದರು ದೇವರ ಕೋಣೆಯ ಬೊಟ್ಟು ಮುಟ್ಟಿ. "ಇದು ಒಲಿ. ಇಲ್ಲಿ ಎರಡು ಹಚ್ಚೀನಿ ನೋಡು, ಮುಂದ ಮೆಟ್ಲ ಐತಿ, ಕಾಲ ತಗ್ಗಿಗಿ ಹೋಗ್ತೈತಿ."

"ನಮಗ ಯಾಕ ಹೇಳಲಿಲ್ರೀ?"

"ಹೇಳಿದ್ರ ಏನ್ ಮಾಡ್ತಿದ್ರಿ? ಕೈಯಾಗಿನ ಸೌಟು ಕಸಗೊಂಡು ಮಂಚದ ಮ್ಯಾಲ ಕುಂಡ್ರಸ್ತಿದ್ರಿ. ಈಗ ಕುಂಡ್ರಸಿಲ್ಲೇನು?"

ಉಳಿದದ್ದು ನಮ್ಮ ಕೋಣೆಯ ಬಾಗಿಲ ಪಕ್ಕದ್ದು. ಅಲ್ಲಿ ಬೊಟ್ಟು ಇರಲಿಲ್ಲ, ನಾನು ಹಟಕ್ಕೆ ಬಿದ್ದು ಕೆರೆದ ಗುಳಿಯಿತ್ತು. ಅತ್ತೆಯ ಬೆರಳು ಆ ಗುಳಿಯೊಳಗೆ ಹೋಗಿ ನಿಂತಿತು.

"ಇಲ್ಲೀದು ಯಾಕ್ರೀ ಅಷ್ಟು ದೊಡ್ಡದು ಹಚ್ಚತಿದ್ರಿ? ನಾ ಕೆರದಷ್ಟೂ ಹಚ್ಚತಿದ್ರಿ. ಈ ಕೋಣಿಗಿ ನೀವು ಬರೋದೇ ಇಲ್ಲಲ್ಲ?"

"ಬರಬಾರದಂತನ ಹಚ್ಚಿದ್ದು," ಎಂದರು ತಣ್ಣಗೆ. "ಗಂಡ ಹೆಂಡ್ತಿ ಮಲಗೋ ಕೋಣಿ. ಉಳದದ್ದು ತಪ್ಪಿದ್ರ ನನ್ನ ಕಾಲ ಮುರೀತೈತಿ, ಮುರೀಲಿ. ಇದು ತಪ್ಪಿದ್ರ ನಿಮ್ಮ ಮಾನದ ಪ್ರಶ್ನಿ. ಅದಕ್ಕ ದೊಡ್ಡದು. ಕೈಗಿ ಹತ್ತಿದ ಕೂಡ್ಲೆ ಸರಿಯಾಕ ಬೇಕಲ್ಲ."

ನಮ್ಮ ಮನೆಯವರು ತಿರುಪುಳಿ ಹಿಡಿದುಕೊಂಡೇ ಹೊರಗೆ ಕಟ್ಟೆಗೆ ಹೋಗಿಬಿಟ್ಟರು. ಮೇಸ್ತ್ರಿ ನೆಲ ನೋಡುತ್ತ ತಿರುಪು ಆಯತೊಡಗಿದರು. ಹಗೆಗೆ ಒರೆಸುತ್ತಾರೆಂದು ನಾನು ತಿಳಿದಿದ್ದ ಸುಣ್ಣ ನನ್ನ ಮಾನ ಕಾಯಲು ಹಚ್ಚಿದ್ದಾಗಿತ್ತು. ಪ್ರತಿ ಭಾನುವಾರ ಚಾಕು ಹಿಡಿದು ನಾನೇ ಅದನ್ನು ಕೀಳುತ್ತಿದ್ದೆ, ಅವರು ಏನೂ ಹೇಳದೆ ಮತ್ತೆ ಹಚ್ಚುತ್ತಿದ್ದರು.

ಅವರ ಕೈಯಿಂದ ಡಬ್ಬಿ ತೆಗೆದುಕೊಂಡೆ. ಅಷ್ಟು ವರ್ಷ ಹೇಸಿದ ಸುಣ್ಣದೊಳಗೆ ಬೆರಳು ಅದ್ದಿ, ನಾನೇ ತೋಡಿದ ಆ ಗುಳಿಗೆ ತುಂಬಿ ಒತ್ತಿದೆ. ಅತ್ತೆ ಬೆರಳು ಇಟ್ಟು ನೋಡಿದರು, ರೊಟ್ಟಿಯ ಹಿಟ್ಟಿನ ಹದ ನೋಡುವವರ ಹಾಗೆ.

"ಸಣ್ಣದಾತು," ಎಂದರು. "ಇನ್ನಷ್ಟು ಹಚ್ಚವ್ವಾ."